ಮೀನಿನ ತೊಟ್ಟಿಗೆ ಸ್ಪಂಜ್ ಫಿಲ್ಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಮನೆಗಳಲ್ಲಿ ಅಕ್ವೇರಿಯಂ ಇಟ್ಟುಕೊಂಡಿರುವ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಏರ್ ಪಂಪಿನ ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರನ್ನು ಕುರಿತವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಸಂಕ್ಷೇಪಿಸಿ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಮ್ಮ ಮನೆಯ ಎರಡು ಅಡಿ ಉದ್ದದ ತೊಟ್ಟಿಗೆ ಸ್ಪಂಜ್ ಫಿಲ್ಟರ್ ಸಾಕು ಎಂದು ಅಂಗಡಿಯವರು ಕೊಟ್ಟಿದ್ದಾರೆ. ಅದರಲ್ಲಿ ಮೋಟರೂ ಇಲ್ಲ, ರೆಕ್ಕೆಯೂ ಇಲ್ಲ. ಒಂದು ಫೋಮ್ ತುಂಡು ಮತ್ತು ಪ್ಲಾಸ್ಟಿಕ್ ಕೊಳವೆ ಮಾತ್ರ. ಗುಳ್ಳೆಗಳು ಮೇಲೇರುವುದರಿಂದ ನೀರು ಹೇಗೆ ಶುದ್ಧವಾಗುತ್ತದೆ? ಹತ್ತು ಗಪ್ಪಿ, ಆರು ಟೆಟ್ರಾ ಮೀನುಗಳಿಗೆ ಇದು ಸಾಕೇ?
— ಓದುಗರು, ಮಲ್ಲೇಶ್ವರ

ಉತ್ತರ: ಸಾಕು. ಹೇಗೆ ಸಾಕು ಎಂಬುದನ್ನು ತಿಳಿದುಕೊಂಡರೆ ಮುಂದೆ ಅದನ್ನು ನೋಡಿಕೊಳ್ಳುವುದು ಸುಲಭವಾಗುತ್ತದೆ.

ಏರ್ ಪಂಪಿನಿಂದ ಬಂದ ಗಾಳಿಯು ಫೋಮಿನ ನಡುವೆ ನಿಂತಿರುವ ಕೊಳವೆಯ ತಳವನ್ನು ಸೇರಿದಾಗ ಅಲ್ಲಿನ ನೀರು ಗುಳ್ಳೆಗಳೊಂದಿಗೆ ಬೆರೆತು ಸುತ್ತಲಿನ ನೀರಿಗಿಂತ ಹಗುರವಾಗುತ್ತದೆ. ಹಗುರವಾದ ಆ ಮಿಶ್ರಣವು ಕೊಳವೆಯಲ್ಲಿ ಮೇಲೇರಿ ಹೊರಚೆಲ್ಲುತ್ತದೆ, ಅದರ ಜಾಗವನ್ನು ತುಂಬಲು ತೊಟ್ಟಿಯ ನೀರು ಫೋಮಿನ ರಂಧ್ರಗಳ ಮೂಲಕವೇ ಒಳಗೆ ನುಗ್ಗಬೇಕಾಗುತ್ತದೆ. ಹೀಗೆ ನೀರನ್ನು ಸೆಳೆಯುವ ಕೆಲಸವನ್ನು ಗಾಳಿಯೇ ಮಾಡುತ್ತದೆ. ಕೊಳವೆಯು ನೀರಿನಲ್ಲಿ ಹೆಚ್ಚು ಆಳದವರೆಗೆ ಮುಳುಗಿದ್ದಷ್ಟೂ ಸೆಳೆತ ಬಲವಾಗಿರುವುದರಿಂದ ಫಿಲ್ಟರನ್ನು ತಳಕ್ಕೆ ಕೂರಿಸಬೇಕು, ಅರ್ಧದಲ್ಲಿ ತೂಗುಹಾಕಬಾರದು. ಕೊಳವೆಯೊಳಗೆ ಚಿಕ್ಕದೊಂದು ಏರ್ ಸ್ಟೋನ್ ಇದ್ದರೆ ಗುಳ್ಳೆಗಳು ಸಣ್ಣದಾಗಿ ಒಡೆದು ನೀರು ಇನ್ನಷ್ಟು ಸರಾಗವಾಗಿ ಏರುತ್ತದೆ, ಗುಳುಗುಳು ಸದ್ದೂ ಕಡಿಮೆಯಾಗುತ್ತದೆ.

ಫೋಮ್ ಎರಡು ಕೆಲಸ ಮಾಡುತ್ತದೆ. ತೇಲುವ ಕಸ, ಮೀನಿನ ಮಲ, ತಿನ್ನದೆ ಉಳಿದ ಆಹಾರದ ಚೂರುಗಳನ್ನು ತಡೆಹಿಡಿಯುವುದು ಕಣ್ಣಿಗೆ ಕಾಣುವ ಕೆಲಸ. ಎರಡನೆಯದು ಕಾಣದ ಕೆಲಸ, ಆದರೆ ಮೀನು ಬದುಕಿ ಉಳಿಯುವುದು ಅದರಿಂದಲೇ. ಮೀನುಗಳು ತಮ್ಮ ದೇಹದ ತ್ಯಾಜ್ಯವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತವೆ; ಕೊಳೆತ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಫೋಮಿನ ಪ್ರತಿ ರಂಧ್ರದ ಗೋಡೆಗೂ ತೆಳುವಾದ ಲೋಳೆಯ ಪದರವಾಗಿ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾಗಳಲ್ಲಿ ನೈಟ್ರೊಸೊಮೊನಾಸ್ ಬಗೆಯವು ಈ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ನೈಟ್ರೊಸ್ಪೈರಾ ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಅಷ್ಟು ಅಪಾಯಕಾರಿಯಲ್ಲ. ಅದನ್ನು ತೊಟ್ಟಿಯ ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ನಾವು ನೀರು ಬದಲಿಸಿ ಹೊರಹಾಕಬೇಕು. ನೀರು ಬದಲಿಸುವ ಕೆಲಸವನ್ನು ಯಾವ ಫಿಲ್ಟರೂ ತಪ್ಪಿಸುವುದಿಲ್ಲ.

ನಿಮ್ಮ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದಾದರೆ ಲೆಕ್ಕಕ್ಕೆ ಸುಮಾರು 56 ಲೀಟರ್ ಹಿಡಿಯುತ್ತದೆ. ತಳದ ಕಲ್ಲು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ 45 ಲೀಟರ್ ಆಸುಪಾಸು ಉಳಿಯುತ್ತದೆ. ಇಷ್ಟು ನೀರಿನಲ್ಲಿ ನೀವು ಬರೆದಿರುವಷ್ಟು ಸಣ್ಣ ಮೀನುಗಳಿಗೆ ಮುಷ್ಟಿಗಾತ್ರಕ್ಕಿಂತ ದೊಡ್ಡದಾದ ಒಂದು ಫೋಮ್ ಸಾಕಾಗುತ್ತದೆ. ಆದರೂ ಎರಡು ಫೋಮ್ ತುಂಡುಗಳಿರುವ ಫಿಲ್ಟರನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಕಾರಣ ಮುಂದಿನ ಉತ್ತರದಲ್ಲಿದೆ. ಗಪ್ಪಿಗಳು ಮರಿ ಹಾಕುತ್ತಲೇ ಇರುತ್ತವೆ ಎಂಬುದೂ ನೆನಪಿನಲ್ಲಿರಲಿ. ಇಂದಿನ ಹತ್ತು ಕೆಲವೇ ತಿಂಗಳಲ್ಲಿ ಹತ್ತಾಗಿ ಉಳಿಯುವುದಿಲ್ಲ.

ಪ್ರಶ್ನೆ: ನಾವು ಪ್ರತಿ ಭಾನುವಾರ ಫಿಲ್ಟರಿನ ಫೋಮನ್ನು ಹೊರತೆಗೆದು, ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ಬರುವುದು ನಿಲ್ಲುವವರೆಗೆ ಚೆನ್ನಾಗಿ ತೊಳೆಯುತ್ತೇವೆ. ತೊಟ್ಟಿಯ ನೀರನ್ನೂ ಪೂರ್ತಿ ಬದಲಿಸುತ್ತೇವೆ. ಇಷ್ಟು ಶುಚಿಯಾಗಿಟ್ಟರೂ ಮಂಗಳವಾರದ ಹೊತ್ತಿಗೆ ನೀರು ಹಾಲಿನಂತೆ ಮಬ್ಬಾಗುತ್ತದೆ, ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ. ಕಳೆದ ತಿಂಗಳು ಮೂರು ಏಂಜಲ್ ಮೀನುಗಳು ಸತ್ತವು. ಫಿಲ್ಟರ್ ಕೆಟ್ಟಿದೆಯೇ?
— ಓದುಗರು, ರಾಜಾಜಿನಗರ

ಉತ್ತರ: ಫಿಲ್ಟರ್ ಕೆಟ್ಟಿಲ್ಲ. ಭಾನುವಾರದ ಆ ತೊಳೆತವೇ ಮೀನುಗಳ ಸಾವಿಗೆ ಕಾರಣವಾಗಿರುವ ಸಾಧ್ಯತೆ ಬಹಳ ಹೆಚ್ಚು. ಈ ಅಭ್ಯಾಸ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಮೀನಿನ ಮೇಲಿನ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಸುಮಾರು 100 ಕಿಲೋಮೀಟರ್ ದೂರ ಹರಿದು ನಗರಕ್ಕೆ ಬರುತ್ತದೆ. ಅಷ್ಟು ದೂರದ ಕೊಳವೆಗಳಲ್ಲಿ ರೋಗಾಣು ಬೆಳೆಯದಿರಲೆಂದು ಅದರಲ್ಲಿ ಕ್ಲೋರಿನ್ ಇರಲೇಬೇಕು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಹೇಳುತ್ತದೆ. ನಮ್ಮ ಆರೋಗ್ಯಕ್ಕೆ ಅದು ಅಗತ್ಯ. ಆದರೆ ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ಹಾಕಿದ ಕ್ಲೋರಿನ್ ಒಳ್ಳೆಯದು, ಕೆಟ್ಟದ್ದು ಎಂದು ಭೇದ ಮಾಡುವುದಿಲ್ಲ. ಕಾವೇರಿ ಬಿಡುವ ದಿನ ನಲ್ಲಿಯಿಂದ ನೇರವಾಗಿ ಬರುವ ನೀರಿನ ಕೆಳಗೆ ಫೋಮನ್ನು ಹಿಡಿದು ಹಿಂಡಿದಾಗ ಬ್ಯಾಕ್ಟೀರಿಯಾಗಳ ಪದರದ ಒಂದು ಭಾಗ ಕ್ಲೋರಿನ್ನಿಂದ ಸಾಯುತ್ತದೆ, ಉಳಿದ ಹೆಚ್ಚಿನ ಭಾಗ ಉಜ್ಜುವಿಕೆಯಿಂದ ಕಳಚಿ ಚರಂಡಿ ಸೇರುತ್ತದೆ. ನೀವು ಕೊಳೆ ಎಂದುಕೊಂಡಿರುವ ಆ ಕಂದು ಲೋಳೆಯಲ್ಲಿಯೇ ತೊಟ್ಟಿಯ ಜೀವ ಅಡಗಿತ್ತು.

ಕಳೆದುಹೋದದ್ದು ಬೇಗ ಮರಳುವುದೂ ಇಲ್ಲ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅನುಕೂಲವಾದ ಸ್ಥಿತಿಯಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಅಮೋನಿಯಾವನ್ನು ಪರಿವರ್ತಿಸುವ ಬಗೆಯವು ಇಮ್ಮಡಿಯಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಅವು ಚೇತರಿಸಿಕೊಳ್ಳಲು ತೊಡಗುವಷ್ಟರಲ್ಲಿ ಮುಂದಿನ ಭಾನುವಾರ ಬಂದಿರುತ್ತದೆ. ಈ ನಡುವೆ ಬೇಗ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ನೀರಿನಲ್ಲಿಯೇ ತೇಲುತ್ತ ಹೆಚ್ಚಿಕೊಳ್ಳುತ್ತವೆ, ಮಂಗಳವಾರ ನಿಮಗೆ ಕಾಣುವ ಹಾಲಿನಂಥ ಮಬ್ಬು ಅದೇ. ಅವು ಆಮ್ಲಜನಕವನ್ನು ಕಸಿದುಕೊಳ್ಳುತ್ತವೆ. ಅಮೋನಿಯಾ ಕಿವಿರುಗಳನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಅದು ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ಮೂರೂ ಸೇರಿ ಮೀನನ್ನು ಮೇಲ್ಮೈಗೆ ತರುತ್ತವೆ.

ಇನ್ನು ಮುಂದೆ ಹೀಗೆ ಮಾಡಿ. ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗದಷ್ಟು ನೀರನ್ನು ಮಾತ್ರ ಬದಲಿಸಿ. ಹೊಸದಾಗಿ ಹಾಕುವ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ಇಡೀ ದಿನ, ಸಾಧ್ಯವಾದರೆ ಏರ್ ಸ್ಟೋನ್ ಹಾಕಿ ಬಿಡಿ, ಇಲ್ಲವೇ ಅಂಗಡಿಗಳಲ್ಲಿ ಆ್ಯಂಟಿ ಕ್ಲೋರಿನ್ ಎಂದು ಸಿಗುವ ದ್ರಾವಣವನ್ನು ಅದರ ಮೇಲೆ ಬರೆದಿರುವ ಪ್ರಮಾಣದಲ್ಲಿ ಬೆರೆಸಿ. ಫೋಮನ್ನು ಪ್ರತಿ ವಾರ ಮುಟ್ಟಬೇಡಿ. ಕೊಳವೆಯಿಂದ ಹೊರಬರುವ ನೀರಿನ ರಭಸ ಕುಗ್ಗಿದಾಗ, ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೇ ಒಂದು ಬಕೆಟ್ಟಿನಲ್ಲಿ ಹಿಡಿದುಕೊಂಡು ಅದರಲ್ಲಿ ಫೋಮನ್ನು ನಾಲ್ಕೈದು ಬಾರಿ ಮೃದುವಾಗಿ ಅದುಮಿ. ಸಡಿಲವಾದ ಕಸ ಬಿಟ್ಟರೆ ಸಾಕು. ಫೋಮ್ ಕಂದಾಗಿಯೇ ಉಳಿಯಬೇಕು. ಎರಡು ಫೋಮ್ ತುಂಡುಗಳಿದ್ದರೆ ಒಮ್ಮೆ ಒಂದನ್ನು, ಎರಡು ವಾರ ಬಿಟ್ಟು ಇನ್ನೊಂದನ್ನು ಅದುಮಬಹುದು. ಎರಡು ತುಂಡಿನ ಫಿಲ್ಟರ್ ಬೇಕು ಎಂದು ಮೇಲಿನ ಉತ್ತರದಲ್ಲಿ ಹೇಳಿದ್ದು ಈ ಕಾರಣಕ್ಕೆ. ಫೋಮನ್ನು ನೀರಿನಿಂದ ಎತ್ತುವಾಗ ಕಸ ತೊಟ್ಟಿಯಲ್ಲಿ ಹರಡದಂತೆ ಒಂದು ಪ್ಲಾಸ್ಟಿಕ್ ಚೀಲವನ್ನು ನೀರೊಳಗೇ ಅದಕ್ಕೆ ತೊಡಿಸಿ ಮೇಲೆತ್ತಿ. ಸೋಪು, ಡಿಟರ್ಜೆಂಟ್, ಬಿಸಿನೀರು ಯಾವುದೂ ಅದರ ಹತ್ತಿರ ಬರಬಾರದು.

ಈಗ ಉಳಿದಿರುವ ಮೀನುಗಳಿಗಾಗಿ ಒಂದು ಮಾತು. ಹತ್ತು ದಿನಗಳ ಮಟ್ಟಿಗೆ ಆಹಾರವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ದಿನ ಬಿಟ್ಟು ದಿನ ಐದನೇ ಒಂದು ಭಾಗ ನೀರನ್ನು ಬದಲಿಸಿ. ಪ್ರತಿ ಹತ್ತು ಲೀಟರ್ ನೀರಿಗೆ ಐದು ಗ್ರಾಂನಂತೆ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿದರೆ, ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟ್ ಕಿವಿರುಗಳ ಮೂಲಕ ಒಳಸೇರುವುದನ್ನು ತಡೆಯುತ್ತದೆ. ಉಪ್ಪನ್ನು ಒಮ್ಮೆ ಮಾತ್ರ ಹಾಕಿ. ಬಳಿಕ ಬದಲಿಸಿದ ನೀರಿನ ಲೆಕ್ಕಕ್ಕೆ ತಕ್ಕಷ್ಟನ್ನು ಮಾತ್ರ ಸೇರಿಸಬೇಕು, ಏಕೆಂದರೆ ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ.

ಪ್ರಶ್ನೆ: ಹೊಸ ತೊಟ್ಟಿ ಇಟ್ಟು ಒಂದು ವಾರವಾಯಿತು. ಫೋಮ್ ಇನ್ನೂ ಹೊಸದರಂತೆಯೇ ಇದೆ. ಮೀನು ಬಿಡಬಹುದೇ? ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿದರೆ ಅದೇ ದಿನ ಬಿಡಬಹುದು ಎನ್ನುತ್ತಾರೆ.
— ಶಾಲಾ ಶಿಕ್ಷಕಿ, ಬಸವನಗುಡಿ

ಉತ್ತರ: ಒಂದು ವಾರದ ಫೋಮಿನಲ್ಲಿ ಕೆಲಸ ಮಾಡುವವರು ಇನ್ನೂ ಬಂದಿಲ್ಲ. ಮೀನಿಲ್ಲದ, ಅಮೋನಿಯಾ ಹುಟ್ಟದ ತೊಟ್ಟಿಯಲ್ಲಿ ಫಿಲ್ಟರನ್ನು ಬರಿದೆ ಓಡಿಸಿದರೆ ಬ್ಯಾಕ್ಟೀರಿಯಾಗಳಿಗೆ ಆಹಾರವೇ ಇರುವುದಿಲ್ಲ. ಎಷ್ಟು ವಾರ ಓಡಿಸಿದರೂ ಸ್ಥಿತಿ ಬದಲಾಗದು. ಚಿಟಿಕೆಯಷ್ಟು ಮೀನಿನ ಆಹಾರವನ್ನು ದಿನವೂ ಹಾಕುತ್ತ ಬಂದರೆ ಅದು ಕೊಳೆತು ಅಮೋನಿಯಾ ಕೊಡುತ್ತದೆ. ಹೀಗೆ ನಡೆಸಿದಾಗ ಫೋಮ್ ಪಕ್ವವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಈ ಬ್ಯಾಕ್ಟೀರಿಯಾಗಳು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚುರುಕಾಗಿರುತ್ತವೆ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು ಅದಕ್ಕಿಂತ ಸಾಕಷ್ಟು ಕೆಳಗಿಳಿಯುವುದರಿಂದ ಚಳಿಗಾಲದಲ್ಲಿ ಇನ್ನೂ ಹೆಚ್ಚು ಕಾಯಬೇಕು.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಪರಿಚಿತರ ಮನೆಯಲ್ಲಿ ವರ್ಷಗಳಿಂದ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿಯಿದ್ದರೆ ನಿಮ್ಮ ಹೊಸ ಸ್ಪಂಜ್ ಫಿಲ್ಟರನ್ನು ಮೂರು ನಾಲ್ಕು ವಾರ ಅಲ್ಲಿಯೇ ಓಡಿಸಿ ತನ್ನಿ. ಹಾಲಿಗೆ ಹೆಪ್ಪು ಹಾಕಿದಂತೆ ಅಲ್ಲಿನ ಬ್ಯಾಕ್ಟೀರಿಯಾಗಳು ಇದರಲ್ಲಿ ನೆಲೆಯೂರುತ್ತವೆ. ತರುವಾಗ ಫೋಮನ್ನು ಒಣಗಲು ಬಿಡದೆ, ಆ ತೊಟ್ಟಿಯ ನೀರಿನಲ್ಲಿಯೇ ಮುಳುಗಿಸಿ ತಂದು ಕೂಡಲೇ ಓಡಿಸಬೇಕು, ಮತ್ತು ಅದೇ ದಿನದಿಂದ ತೊಟ್ಟಿಯಲ್ಲಿ ಕೆಲವಾದರೂ ಮೀನುಗಳಿರಬೇಕು. ಆ ತೊಟ್ಟಿಯ ರೋಗವೂ ಫೋಮಿನೊಂದಿಗೆ ಬರಬಹುದಾದ್ದರಿಂದ ಇತ್ತೀಚೆಗೆ ಮೀನು ಸತ್ತ ತೊಟ್ಟಿಯಿಂದ ತರಬೇಡಿ. ಬಾಟಲಿಯ ಬ್ಯಾಕ್ಟೀರಿಯಾಗಳ ಗುಣ ಅವುಗಳನ್ನು ಎಷ್ಟು ದಿನ, ಎಷ್ಟು ಬಿಸಿಯಲ್ಲಿ ಇಟ್ಟಿದ್ದರು ಎಂಬುದನ್ನು ಅವಲಂಬಿಸಿರುತ್ತದೆ. ಹಾಕುವುದರಿಂದ ಕೇಡಿಲ್ಲ, ಆದರೆ ಅದನ್ನು ನಂಬಿ ಅದೇ ದಿನ ತೊಟ್ಟಿ ತುಂಬ ಮೀನು ಬಿಡಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡರೆ ಫೋಮ್ ಸಿದ್ಧವಾಗಿದೆ ಎಂದು ತಿಳಿಯಬೇಕು. ಮಕ್ಕಳಿಗೆ ಈ ಅಳತೆಗಳನ್ನು ವಾರ ವಾರ ಬರೆದಿಡಲು ಹೇಳಿದರೆ, ಮೊದಲು ಅಮೋನಿಯಾ ಏರಿ ಇಳಿಯುವುದು, ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುವುದು ಅವರ ಕಣ್ಣಿಗೇ ಕಾಣುತ್ತದೆ. ಸಾರಜನಕದ ಚಕ್ರವನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಚೆನ್ನಾದ ಉಪಾಯ ನನಗೆ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರೇ ಗತಿ. ಏರ್ ಸ್ಟೋನ್ ಮೇಲೆ, ಕೊಳವೆಯ ಬಾಯಲ್ಲಿ ಬಿಳಿಯ ಪದರ ಕಟ್ಟುತ್ತದೆ, ಕೆಲವು ತಿಂಗಳಲ್ಲಿ ಗುಳ್ಳೆಗಳು ನಿಂತೇ ಹೋಗುತ್ತವೆ. ಗಡಸು ನೀರಿನಲ್ಲಿ ಸ್ಪಂಜ್ ಫಿಲ್ಟರ್ ಕೆಲಸ ಮಾಡುವುದಿಲ್ಲವೇ?
— ಓದುಗರು, ವೈಟ್‌ಫೀಲ್ಡ್

ಉತ್ತರ: ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾಗಳಿಗೆ ಗಡಸು ನೀರೇ ಹೆಚ್ಚು ಹಿತ, ಏಕೆಂದರೆ ಅಮೋನಿಯಾವನ್ನು ಪರಿವರ್ತಿಸುವಾಗ ನೀರಿನ ಕ್ಷಾರಗುಣ ಖರ್ಚಾಗುತ್ತದೆ, ಮತ್ತು ನಿಮ್ಮ ನೀರಿನಲ್ಲಿ ಅದರ ದಾಸ್ತಾನು ಸಾಕಷ್ಟಿರುತ್ತದೆ. ಬಿಳಿಯ ಪದರವು ಸುಣ್ಣದಂಶದ್ದು. ಕೊಳವೆ, ಏರ್ ಸ್ಟೋನ್ ಮುಂತಾದ ಭಾಗಗಳನ್ನು ಬಿಡಿಸಿ ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಉಜ್ಜಿದರೆ ಅದು ಬಿಡುತ್ತದೆ. ಫೋಮನ್ನು ಮಾತ್ರ ಅದರಲ್ಲಿ ಅದ್ದಬಾರದು. ಏರ್ ಸ್ಟೋನ್ ಅಗ್ಗದ ವಸ್ತು, ಮುಚ್ಚಿಕೊಂಡಿದ್ದರೆ ಹೊಸದನ್ನೇ ಹಾಕಿ. ಮುಚ್ಚಿದ ಏರ್ ಸ್ಟೋನಿಗೆ ಗಾಳಿ ನೂಕುತ್ತಲೇ ಇದ್ದರೆ ಪಂಪಿನೊಳಗಿನ ರಬ್ಬರ್ ಪದರ ಬೇಗ ಹರಿಯುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಪಿಎಚ್ 7 ಇದ್ದದ್ದು 8 ಆದರೆ ಅಷ್ಟೇ ಪ್ರಮಾಣದ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಆದ್ದರಿಂದ ಕಾವೇರಿ ನೀರಿನ ಮನೆಯಲ್ಲಿ ಮೀನು ಸಹಿಸಿಕೊಂಡ ನಿರ್ಲಕ್ಷ್ಯವನ್ನು ನಿಮ್ಮ ತೊಟ್ಟಿಯ ಮೀನು ಸಹಿಸಿಕೊಳ್ಳಲಾರದು: ಫೋಮ್ ಪಕ್ವವಾಗುವವರೆಗೆ ಕಾಯುವುದು, ಆಹಾರವನ್ನು ಹಿಡಿತದಲ್ಲಿಡುವುದು ನಿಮಗೆ ಇನ್ನೂ ಮುಖ್ಯ. ಇನ್ನೊಂದು ತೊಂದರೆಯೆಂದರೆ ಟ್ಯಾಂಕರ್ ನೀರು ಒಂದು ಬಾರಿ ಇದ್ದಂತೆ ಮತ್ತೊಂದು ಬಾರಿ ಇರುವುದಿಲ್ಲ. 2024ರ ಬೇಸಿಗೆಯ ನೀರಿನ ಅಭಾವದಲ್ಲಿ ಬಹಳ ಮಂದಿ ಇದನ್ನು ಅನುಭವಿಸಿದ್ದಾರೆ. ಹೊಸ ಲೋಡ್ ಬಂದಾಗ ಒಂದೇ ಸಲಕ್ಕೆ ಹೆಚ್ಚು ನೀರನ್ನು ಬದಲಿಸದೆ, ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಟ್ಯಾಂಕರ್ ನೀರಿಗೂ ಕ್ಲೋರಿನ್ ಹಾಕಿರುವುದುಂಟು, ಆದ್ದರಿಂದ ಆ್ಯಂಟಿ ಕ್ಲೋರಿನ್ ಬೆರೆಸುವುದನ್ನು ತಪ್ಪಿಸಬೇಡಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಕೊಟ್ಟ ನೀರು. ಮೀನಿಗೆ ಅದು ಉಪಕಾರವಲ್ಲ. ಆರ್‌ಒ ನೀರನ್ನೇ ಪೂರ್ತಿಯಾಗಿ ತುಂಬಿದರೆ ಖನಿಜವೇ ಇಲ್ಲದಂತಾಗಿ ಪಿಎಚ್ ಕುಸಿಯುವ ಅಪಾಯವಿದೆ. ಗಪ್ಪಿ, ಮೋಲಿ, ಪ್ಲಾಟಿಗಳನ್ನು ಸಾಕಿ. ನಿಮ್ಮ ನೀರು ಇರುವಂತೆಯೇ ಅವಕ್ಕೆ ಒಗ್ಗುತ್ತದೆ.

ಪ್ರಶ್ನೆ: ಹಾಸಿಗೆ, ಸೋಫಾ ಹೊಲಿಯುವವರಲ್ಲಿ ಸಿಗುವ ಫೋಮನ್ನು ಅಥವಾ ಪಾತ್ರೆ ತೊಳೆಯುವ ಸ್ಪಂಜನ್ನು ಕತ್ತರಿಸಿ ಹಾಕಬಹುದೇ?
— ಓದುಗರು, ಚಾಮರಾಜಪೇಟೆ

ಉತ್ತರ: ಬೇಡ. ಸೋಫಾ ಫೋಮಿನ ರಂಧ್ರಗಳ ನಡುವೆ ತೆಳುವಾದ ಪೊರೆಗಳು ಉಳಿದಿರುವುದರಿಂದ ನೀರು ಸರಾಗವಾಗಿ ಹಾಯುವುದಿಲ್ಲ. ಬೆಂಕಿ ನಿರೋಧಕ ರಾಸಾಯನಿಕ ಸೇರಿಸಿದ ಫೋಮುಗಳೂ ಇವೆ. ಫಿಲ್ಟರಿಗೆಂದು ತಯಾರಾದ ಫೋಮಿನಲ್ಲಿ ಆ ಪೊರೆಗಳನ್ನು ತೆಗೆದು ರಂಧ್ರಗಳನ್ನು ಪೂರ್ತಿ ತೆರೆದಿರುತ್ತಾರೆ. ಬಾಯಿಗೆ ಹಿಡಿದು ಊದಿದರೆ ಗಾಳಿ ತಡೆಯಿಲ್ಲದೆ ಆಚೆ ಹೋಗಬೇಕು. ಪಾತ್ರೆಯ ಸ್ಪಂಜುಗಳಲ್ಲಿ ಕೆಲವಕ್ಕೆ ಬ್ಯಾಕ್ಟೀರಿಯಾ ನಾಶಕವನ್ನು ಸೇರಿಸಿರುತ್ತಾರೆ, ನಮಗೆ ಬೇಕಾಗಿರುವುದು ಅದರ ವಿರುದ್ಧ.

ಕೊಳ್ಳುವಾಗ ಪಿಪಿಐ ಎಂಬ ಅಳತೆಯನ್ನು ಕೇಳಿ. ಅದು ಒಂದು ಅಂಗುಲ ಉದ್ದದಲ್ಲಿ ಎಷ್ಟು ರಂಧ್ರಗಳಿವೆ ಎಂಬ ಲೆಕ್ಕ. ಮನೆಯ ತೊಟ್ಟಿಗೆ 20ರಿಂದ 30 ಪಿಪಿಐ ಇರುವ ಒರಟು ಫೋಮ್ ಒಳ್ಳೆಯದು. 45ರ ಆಸುಪಾಸಿನ ನಯವಾದ ಫೋಮ್ ಸಣ್ಣ ಕಸವನ್ನೂ ಹಿಡಿದು ನೀರನ್ನು ತಿಳಿಯಾಗಿಸುತ್ತದೆ ನಿಜ, ಆದರೆ ಬೇಗ ಕಟ್ಟಿಕೊಳ್ಳುತ್ತದೆ, ಏರ್ ಪಂಪಿನ ಸೌಮ್ಯವಾದ ಸೆಳೆತ ಅದಕ್ಕೆ ಸಾಲದು. ಪಾಲಿಯುರೆಥೇನ್ ಫೋಮುಗಳಲ್ಲಿ ಪಾಲಿಯೆಸ್ಟರ್ ಮೂಲದವು ಸದಾ ನೀರಿನಲ್ಲಿದ್ದರೆ ಕ್ರಮೇಣ ಶಿಥಿಲವಾಗುತ್ತವೆ, ಪಾಲಿಈಥರ್ ಮೂಲದವು ವರ್ಷಗಟ್ಟಲೆ ಬಾಳುತ್ತವೆ. ಹಿಂಡಿ ಬಿಟ್ಟಾಗ ಫೋಮ್ ಮೊದಲಿನ ಆಕಾರಕ್ಕೆ ಮರಳದೆ ಚಪ್ಪಟೆಯಾಗಿಯೇ ಉಳಿದರೆ ಅಥವಾ ಬೆರಳಿಗೆ ಪುಡಿ ಅಂಟಿದರೆ ಬದಲಿಸುವ ಸಮಯ ಬಂದಿದೆ. ಆಗಲೂ ಹೊಸದನ್ನು ಹಳೆಯದರ ಜೊತೆಗೆ ಒಂದು ತಿಂಗಳು ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ.

ಪ್ರಶ್ನೆ: ಮಳೆಗಾಳಿಗೆ ಕರೆಂಟ್ ಹೋದಾಗ ಏರ್ ಟ್ಯೂಬಿನ ಮೂಲಕ ತೊಟ್ಟಿಯ ನೀರು ಪಂಪಿಗೆ ಇಳಿದು, ಮೇಜೆಲ್ಲ ಒದ್ದೆಯಾಗಿ, ಪಂಪ್ ಸುಟ್ಟುಹೋಯಿತು. ಇದನ್ನು ತಡೆಯುವುದು ಹೇಗೆ? ಕರೆಂಟ್ ಎಷ್ಟು ಹೊತ್ತು ಇಲ್ಲದಿದ್ದರೆ ಮೀನಿಗೆ ಅಪಾಯ?
— ಓದುಗರು, ಕೆಂಗೇರಿ

ಉತ್ತರ: ಗಾಳಿ ನಿಂತೊಡನೆ ಟ್ಯೂಬಿನೊಳಗೆ ನೀರು ಏರುತ್ತದೆ, ಪಂಪ್ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಅದು ಅಂಚು ದಾಟಿ ಕೆಳಗೆ ಸುರಿಯತೊಡಗುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ತೂಗುಹಾಕುವುದು ಖಚಿತವಾದ ಪರಿಹಾರ. ಅದು ಆಗದಿದ್ದರೆ ಟ್ಯೂಬಿನ ನಡುವೆ ಚೆಕ್ ವಾಲ್ವ್ ಹಾಕಿ. ಪಂಪಿನ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ತೊಟ್ಟಿಯ ಕಡೆಯಿಂದ ಊದಿದರೆ ಹೋಗಬಾರದು. ಹಾಕುವ ಮೊದಲು ಹೀಗೆ ಪರೀಕ್ಷಿಸಿ. ಗಡಸು ನೀರಿನಲ್ಲಿ ವಾಲ್ವ್ ಒಳಗೂ ಸುಣ್ಣ ಕಟ್ಟುವುದರಿಂದ ವರ್ಷಕ್ಕೊಮ್ಮೆ ಬದಲಿಸುವುದು ಮೇಲು. ಪ್ಲಗ್ ಪಾಯಿಂಟಿಗೆ ಹೋಗುವ ವೈರ್ ಒಮ್ಮೆ ಕೆಳಕ್ಕೆ ಬಾಗಿ ಮತ್ತೆ ಮೇಲೇರುವಂತಿರಲಿ. ವೈರಿನ ಮೇಲೆ ಇಳಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಮೀನು ಕಡಿಮೆಯಿರುವ ತೊಟ್ಟಿ ಕೆಲವು ಗಂಟೆಗಳ ವಿದ್ಯುತ್ ಕಡಿತವನ್ನು ತಡೆದುಕೊಳ್ಳುತ್ತದೆ. ಮೀನು ದಟ್ಟವಾಗಿದ್ದು ಏಪ್ರಿಲ್, ಮೇ ತಿಂಗಳ ಸೆಕೆಯಿದ್ದರೆ ಒಂದೆರಡು ಗಂಟೆಗಳಲ್ಲಿಯೇ ಅವು ಮೇಲ್ಮೈಗೆ ಬರಬಹುದು, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ನೀರು ನಿಂತರೆ ಒಳಗಿನ ಆಮ್ಲಜನಕ ಬೇಗ ಮುಗಿದು ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಸ್ಪಂಜ್ ಫಿಲ್ಟರ್ ತೊಟ್ಟಿಯ ತೆರೆದ ನೀರಿನಲ್ಲಿಯೇ ಇರುವುದರಿಂದ ಅಷ್ಟು ಬೇಗ ಕೆಡುವುದಿಲ್ಲ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ, ತೊಟ್ಟಿಯ ಮುಚ್ಚಳ ತೆಗೆದಿಡಿ, ಆಗಾಗ ಲೋಟದಿಂದ ನೀರನ್ನು ಎತ್ತಿ ಸ್ವಲ್ಪ ಎತ್ತರದಿಂದ ಹುಯ್ಯಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಏರ್ ಪಂಪನ್ನು ಆ ಲೈನಿಗೆ ಕೊಡಿ, ಅದಕ್ಕೆ ಬೇಕಾಗುವುದು ಕೆಲವೇ ವ್ಯಾಟ್.

ಪ್ರಶ್ನೆ: ಪಂಪಿನ ಸದ್ದಿಗೆ ನಿದ್ರೆ ಬರುವುದಿಲ್ಲವೆಂದು ರಾತ್ರಿ ಆಫ್ ಮಾಡುತ್ತೇವೆ. ವಿದ್ಯುತ್ತೂ ಉಳಿಯುತ್ತದೆ. ತಪ್ಪೇ?
— ಓದುಗರು, ವಿಜಯನಗರ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಹಗಲಿನಲ್ಲಿ ಆಮ್ಲಜನಕ ಕೊಡುವ ಗಿಡಗಳು ರಾತ್ರಿ ಅದನ್ನೇ ಬಳಸುತ್ತವೆ. ಗಾಳಿಯ ಅಗತ್ಯ ಹೆಚ್ಚಾಗಿರುವುದು ನೀವು ಆಫ್ ಮಾಡುವ ಹೊತ್ತಿನಲ್ಲೇ. ಫೋಮಿನೊಳಗಿನ ಬ್ಯಾಕ್ಟೀರಿಯಾಗಳೂ ಉಸಿರಾಡುವ ಜೀವಿಗಳು. ಮೂರು ವ್ಯಾಟ್‌ನ ಪಂಪ್ ದಿನದ 24 ಗಂಟೆಯೂ ಓಡಿದರೆ ತಿಂಗಳಿಗೆ ಖರ್ಚಾಗುವುದು ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಉಳಿತಾಯ ಅಲ್ಲಿಲ್ಲ. ಸದ್ದು ಹೆಚ್ಚಾಗಿ ಪಂಪ್ ಗೋಡೆಗೆ ಅಥವಾ ಮೇಜಿಗೆ ತಾಗಿ ಅದುರುವುದರಿಂದ ಬರುತ್ತದೆ. ಅದರ ಕೆಳಗೆ ದಪ್ಪ ಬಟ್ಟೆಯ ಮಡಿಕೆ ಇಡಿ ಅಥವಾ ದಾರದಲ್ಲಿ ತೂಗುಬಿಡಿ. ಹಳೆಯ ಪಂಪ್ ಇದ್ದಕ್ಕಿದ್ದಂತೆ ಗದ್ದಲ ಮಾಡತೊಡಗಿದ್ದರೆ ಒಳಗಿನ ರಬ್ಬರ್ ಪದರ ಸವೆದಿರುತ್ತದೆ.

ಪ್ರಶ್ನೆ: ಎರಡು ಗೋಲ್ಡ್‌ಫಿಶ್ ಮತ್ತು ಒಂದು ಆಸ್ಕರ್ ಇರುವ ಮೂರು ಅಡಿ ತೊಟ್ಟಿಗೆ ಸ್ಪಂಜ್ ಫಿಲ್ಟರ್ ಒಂದೇ ಸಾಕೇ?
— ಓದುಗರು, ಯಲಹಂಕ

ಉತ್ತರ: ಸಾಲದು. ಈ ಮೀನುಗಳು ಬಹಳ ತಿನ್ನುತ್ತವೆ, ಬಹಳ ಹೊಲಸು ಮಾಡುತ್ತವೆ. ಆ ಕಸವನ್ನು ತಳದಿಂದ ಎಬ್ಬಿಸಿ ಎಳೆದುಕೊಳ್ಳುವ ಬಲ ಗಾಳಿಯ ಸೆಳೆತಕ್ಕಿಲ್ಲ. ಟಾಪ್ ಫಿಲ್ಟರ್ ಅಥವಾ ಕ್ಯಾನಿಸ್ಟರ್ ಹಾಕಿ, ಸ್ಪಂಜ್ ಫಿಲ್ಟರನ್ನು ಅದರ ಜೊತೆಗೆ ಇರಿಸಿಕೊಳ್ಳಿ. ಆಸ್ಕರ್ ದೊಡ್ಡದಾದ ಮೇಲೆ ಬಾಯಿಗೆ ಹಿಡಿಸುವ ಗೋಲ್ಡ್‌ಫಿಶ್ಶನ್ನು ತಿಂದುಬಿಡುತ್ತದೆ. ಅವುಗಳನ್ನು ಬೇರೆ ಮಾಡುವುದು ಫಿಲ್ಟರಿಗಿಂತ ಮೊದಲು ಆಗಬೇಕಾದ ಕೆಲಸ. ಬೇರೆ ಮಾಡಲು ಜಾಗವಿಲ್ಲದಿದ್ದರೆ ಅಂಗಡಿಗೆ ಹಿಂತಿರುಗಿಸಿ, ಕೆರೆಗೆ ಮಾತ್ರ ಬಿಡಬೇಡಿ. ನಮ್ಮ ಪಶ್ಚಿಮ ಘಟ್ಟದ ತೊರೆಗಳ ಡೆನಿಸನ್ ಬಾರ್ಬ್‌ನಂಥ ಮೀನು ಸಾಕುವವರಿಗೂ ಸ್ಪಂಜ್ ಒಂದೇ ಸಾಲುವುದಿಲ್ಲ, ಅವಕ್ಕೆ ರಭಸವಾಗಿ ಹರಿಯುವ ನೀರು ಬೇಕು. ಇದಕ್ಕೆ ವಿರುದ್ಧವಾಗಿ ಫೈಟರ್ ಮೀನು, ಸಿಗಡಿ, ಆಗ ತಾನೆ ಹುಟ್ಟಿದ ಮರಿಗಳಿಗೆ ಸ್ಪಂಜ್ ಫಿಲ್ಟರಿಗೆ ಸಾಟಿಯಿಲ್ಲ. ಅದು ಮರಿಗಳನ್ನು ಎಳೆದುಕೊಳ್ಳುವುದಿಲ್ಲ, ಮಾತ್ರವಲ್ಲ, ಫೋಮಿನ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನು ಮರಿಗಳು ಮೇಯುತ್ತವೆ.

ಪ್ರಶ್ನೆ: ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿದೆ. ಔಷಧ ಹಾಕುವಾಗ ಸ್ಪಂಜ್ ಫಿಲ್ಟರನ್ನು ತೆಗೆಯಬೇಕೇ?
— ಓದುಗರು, ಜೆ.ಪಿ. ನಗರ

ಉತ್ತರ: ತೆಗೆಯಬೇಡಿ, ಔಷಧ ಹಾಕಿದ ನೀರಿನಲ್ಲಿ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಆದರೆ ಮೆಥಿಲೀನ್ ಬ್ಲೂ ಮುಂತಾದವು ಫೋಮಿನ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡುತ್ತವೆ. ಬಿಳಿ ಚುಕ್ಕೆಯ ರೋಗಾಣು ತನ್ನ ಜೀವಿತದ ಒಂದು ಹಂತದಲ್ಲಿ ಮೀನನ್ನು ಬಿಟ್ಟು ತಳದಲ್ಲಿ ಬೆಳೆಯುವುದರಿಂದ ಇಡೀ ತೊಟ್ಟಿಗೇ ಚಿಕಿತ್ಸೆ ಬೇಕು. ಆದ್ದರಿಂದ ಫೋಮ್ ದುರ್ಬಲವಾಗಿದೆ ಎಂದೇ ಭಾವಿಸಿ ಚಿಕಿತ್ಸೆಯ ಅವಧಿಯಲ್ಲಿಯೂ ಅದಾದ ಎರಡು ಮೂರು ವಾರಗಳೂ ಆಹಾರ ಕಡಿಮೆ ಮಾಡಿ, ಅಮೋನಿಯಾ ಪರೀಕ್ಷಿಸುತ್ತಿರಿ. ಔಷಧವನ್ನು ಹೀರಿಕೊಳ್ಳುವ ಇದ್ದಿಲಿನ ಚೀಲವೇನಾದರೂ ಇದ್ದರೆ ಅದನ್ನು ಮಾತ್ರ ತೆಗೆದಿಡಿ.

ಒಂದೇ ಮೀನಿಗೆ ಗಾಯವಾದಾಗ ಅಥವಾ ರೆಕ್ಕೆ ಕೊಳೆತಾಗ ಹಾಗಲ್ಲ. ಅದನ್ನು ಬೇರೆ ಚಿಕ್ಕ ತೊಟ್ಟಿಗೆ ಸಾಗಿಸಿ ಚಿಕಿತ್ಸೆ ಮಾಡುವುದು ಸರಿ. ಅದಕ್ಕಾಗಿ ಮುಖ್ಯ ತೊಟ್ಟಿಯ ಮೂಲೆಯಲ್ಲಿ ಒಂದು ಹೆಚ್ಚುವರಿ ಸ್ಪಂಜ್ ಫಿಲ್ಟರ್ ಸದಾ ಓಡುತ್ತಿರಲಿ, ಅಗತ್ಯ ಬಿದ್ದ ದಿನ ಅದನ್ನೇ ಎತ್ತಿ ಚಿಕ್ಕ ತೊಟ್ಟಿಗೆ ಹಾಕಬಹುದು. ಚಿಕಿತ್ಸೆ ಮುಗಿದ ಮೇಲೆ ಆ ಫೋಮನ್ನು ಹಾಗೆಯೇ ಮುಖ್ಯ ತೊಟ್ಟಿಗೆ ಮರಳಿಸಬಾರದು. ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಹೊಸ ಫೋಮಿನಂತೆ ಮೊದಲಿನಿಂದ ಪಕ್ವ ಮಾಡಿಕೊಳ್ಳಿ.